ಬೆರಳೆತ್ತರದ ಬೊಂಬೆಗೆ ಬಣ್ಣ: ಕಣ್ಣು, ಕೈ, ಉಸಿರುಗಳ ಎಚ್ಚರ

ಜ್ಯೇಷ್ಠದ ಕೊನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಕಳ್ಳಕವಟಗಿ, ತಿಕೋಟಾ, ಬಬಲೇಶ್ವರ ಸೀಮೆಯ ಮನೆಗಳಲ್ಲಿ ಎರೆಮಣ್ಣಿನ ಜೋಡೆತ್ತುಗಳು ಸಿದ್ಧಗೊಳ್ಳುತ್ತವೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಸರದಿ. ಹಿಂದೆ ಇವಕ್ಕೆ ಸುಣ್ಣ, ಕೆಮ್ಮಣ್ಣುಗಳೇ ಸಾಕಾಗುತ್ತಿದ್ದವು. ಈಗ ಮಕ್ಕಳ ಕೈಗೆ ಅಂಗಡಿಯ ಬಣ್ಣದ ಡಬ್ಬಿಗಳು ಬಂದಿವೆ. (ಗುಳ್ಳವ್ವನಿಗೆ ಅಂಟಿಸುವ ಗುಲಗಂಜಿಯನ್ನು ಮಾತ್ರ ಎಳೆಯ ಮಕ್ಕಳಿಂದ ದೂರವಿಡಬೇಕು, ಅಗಿದು ನುಂಗಿದರೆ ಅದು ಪ್ರಾಣಾಂತಕ ವಿಷ.)

ಇದೇ ಕೆಲಸದ ಇನ್ನೊಂದು ರೂಪವು ಬೆಂಗಳೂರು, ಪುಣೆಗಳಂಥ ನಗರಗಳ ತರುಣರಲ್ಲಿ ಹವ್ಯಾಸವಾಗಿದೆ. ಮೇಜಿನ ಮೇಲೆ ಆಡುವ ಕಾಲ್ಪನಿಕ ಯುದ್ಧದಾಟಗಳಿಗಾಗಿ ಸುಮಾರು 28 ಮಿಲಿಮೀಟರ್ ಎತ್ತರದ ಯೋಧರು, ಮಾಂತ್ರಿಕರು, ರೆಕ್ಕೆಯ ಸರ್ಪಗಳು ದೊರೆಯುತ್ತವೆ. ಅವಕ್ಕೆ ಅಕ್ರಿಲಿಕ್ ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಾರೆ. ಮೊದಲು ಇಡೀ ಬೊಂಬೆಗೆ ತಳಬಣ್ಣ, ಬಟ್ಟೆಯ ಮಡಿಕೆಗಳಿಗೆ ನೀರಾದ ಗಾಢ ಬಣ್ಣ, ಉಬ್ಬಿದ ಭಾಗಕ್ಕೆ ತುಸು ತಿಳಿ, ಅಂಚಿಗೆ ಇನ್ನೂ ತಿಳಿ. ಹೀಗೆ ಬೆರಳೆತ್ತರದ ಮುಖದಲ್ಲಿಯೂ ನೆರಳು ಬೆಳಕು ಮೂಡುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ಪದರದ ಈ ವಿದ್ಯೆ ಹೊಸದೇನಲ್ಲ. ಹಗುರ ಮರದ ಬೊಂಬೆಗೆ ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟವನ್ನು ಹಚ್ಚಿ, ಕಲ್ಲುಪುಡಿಯ ಸರಿಯಿಂದ ಆಭರಣಗಳನ್ನು ಉಬ್ಬಿಸಿ, ಅದರ ಮೇಲೆ ಬಣ್ಣವೇರಿಸುವುದು ಅವರ ಪರಂಪರೆ.

ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮತ್ತು ವರ್ಣದ್ರವ್ಯ. ನೀರು ಆರಿದೊಡನೆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಮತ್ತೆ ನೀರಿಗೆ ಕರಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಈ ಬಣ್ಣ ಕುಂಚದಲ್ಲಿಯೇ ಒಣಗಿಬಿಡುತ್ತದೆ. ಅದಕ್ಕೆ ತಟ್ಟೆಯಲ್ಲಿ ಒದ್ದೆಬಟ್ಟೆ ಹಾಸಿ, ಮೇಲೆ ಬೆಣ್ಣೆಕಾಗದವಿಟ್ಟು ಬಣ್ಣ ಕಲಸಿಕೊಳ್ಳುವುದು ಸುಲಭೋಪಾಯ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ದಪ್ಪ ಲೇಪವು ಕಣ್ಣು ಮೂಗುಗಳ ಗೆರೆಯನ್ನೇ ಮುಚ್ಚಿಬಿಡುತ್ತದೆ.

ಇನ್ನು ಆರೋಗ್ಯದ ಮಾತು. ಕುಂಚದ ತುದಿ ಚೂಪಾಗಲೆಂದು ತುಟಿಗಳ ನಡುವೆ ಎಳೆಯುವ ಅಭ್ಯಾಸ ಅನೇಕರಲ್ಲಿದೆ. ನೋಡುವವರಿಗೆ ಅದು ಕ್ಷುಲ್ಲಕವೆನಿಸಬಹುದು. 1917ರಿಂದೀಚೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಫಲಕಕ್ಕೆ ರೇಡಿಯಂ ಬೆರೆತ ಹೊಳೆವ ಬಣ್ಣ ಬರೆಯುತ್ತಿದ್ದ ತರುಣಿಯರಿಗೆ ಹೀಗೆಯೇ ತುಟಿಯಿಂದ ತುದಿ ಮಾಡಲು ಕಲಿಸಲಾಗಿತ್ತು. ಅವರಲ್ಲಿ ಹಲವರ ದವಡೆಯ ಎಲುಬು ಕೊಳೆಯಿತು, ಹಲವರು ಸತ್ತರು. ಐವರು ಹೂಡಿದ ದಾವೆ 1928ರಲ್ಲಿ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು. ಇಂದಿನ ಅಕ್ರಿಲಿಕ್‌ನಲ್ಲಿ ರೇಡಿಯಂ ಇಲ್ಲ, ನಿಜ. ಆದರೆ ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ, ಕೆಲವು ನೀಲಿಗಳಲ್ಲಿ ಕೋಬಾಲ್ಟ್ ಇರುತ್ತವೆ. ಡಬ್ಬಿಯ ಮೇಲೆ ‘ವಿಷರಹಿತ’ ಎಂದು ಬರೆದಿದ್ದರೂ ಅದು ಹಚ್ಚುವವರಿಗೆ ಹೇಳಿದ ಮಾತು, ನುಂಗುವವರಿಗಲ್ಲ. ತುದಿಯನ್ನು ಒದ್ದೆಬಟ್ಟೆಯ ಮೇಲೆ ಹೊರಳಿಸಿದರೆ ಅಷ್ಟೇ ಚೂಪಾಗುತ್ತದೆ. ಚಹಾದ ಕಪ್ಪನ್ನೂ ಕುಂಚ ತೊಳೆಯುವ ಲೋಟವನ್ನೂ ಒಂದೇ ಮೇಜಿನ ಮೇಲೆ ಇಡಬಾರದು. ಬಣ್ಣದ ನೀರನ್ನು ದನಗಳು ಕುಡಿಯುವ ಬಾನಿಯ ಬಳಿ ಚೆಲ್ಲಲೂಬಾರದು.

ಕಬ್ಬಿಣದ ಬಾಗಿಲಿಗೆ ಹಚ್ಚಿ ಮಿಕ್ಕ ಹಳೆಯ ಎಣ್ಣೆಬಣ್ಣವನ್ನು ಮಕ್ಕಳ ಎತ್ತಿಗೆ ಕೊಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟು ಸೀಸವಿದೆಯೋ ಬಲ್ಲವರಾರು? ಎಳೆಯ ಮಕ್ಕಳು ಬೊಂಬೆಯನ್ನು ಬಾಯಿಗಿಡುತ್ತಾರೆ, ಅವರ ದೇಹ ಸೀಸವನ್ನು ದೊಡ್ಡವರಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ, ಬೆಳೆಯುವ ಮಿದುಳು ಅದರಿಂದ ಕುಂದುತ್ತದೆ. ಇಷ್ಟು ಸೀಸ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಣ್ಣಿನೆತ್ತಿಗೆ ಸುಣ್ಣ, ಕೆಮ್ಮಣ್ಣು, ಅರಿಷಿಣಗಳೇ ಚಂದ.

ತಳಬಣ್ಣವನ್ನು ಒತ್ತುಡಬ್ಬಿಯಿಂದ ಸಿಂಪಡಿಸುವವರು ಹೊರಗೆ, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಬೇಕು. ಕೋಣೆಯೊಳಗೆ ಆ ಆವಿಯಿಂದ ತಲೆನೋವು, ಕಣ್ಣುರಿ ಬರುತ್ತವೆ. ಉಬ್ಬಸವಿರುವವರಿಗೆ ಅದು ತಕ್ಷಣವೇ ತೊಂದರೆ ಕೊಡಬಹುದು.

ಕಣ್ಣಿಗೆ ಈ ಕೆಲಸ ಭಾರವೇ ಸರಿ. ಒಂದು ಗೇಣಿನ ದೂರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಬಿಗಿದೇ ಇರುತ್ತದೆ, ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಇಪ್ಪತ್ತು ಅಡಿಗೂ ಆಚೆಯದನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ದ್ರಾಕ್ಷಿ ತೋಟಗಳಾಚೆಗೂ ದೃಷ್ಟಿ ಹರಿಯುವ ನಮ್ಮ ಬಯಲುನಾಡಿನಲ್ಲಿ ಇದಕ್ಕೇನು ಕೊರತೆ! ನಲವತ್ತು ದಾಟಿದವರು ಕನ್ನಡಕವಿಲ್ಲದೆ ಕಣ್ಣು ಕಿರಿದುಮಾಡಿ ಹೆಣಗುವುದರಲ್ಲಿ ಅರ್ಥವಿಲ್ಲ. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ. ಮಕ್ಕಳಂತೂ ಹಗಲಿನಲ್ಲಿ, ಬೇವಿನ ನೆರಳಲ್ಲಿ ಕುಳಿತು ಹಚ್ಚಲಿ. ಬಣ್ಣವೂ ಸರಿಯಾಗಿ ಕಾಣುತ್ತದೆ, ಬಯಲಿನ ಬೆಳಕು ಸಮೀಪದೃಷ್ಟಿ ದೋಷವನ್ನು ತಡೆಯಲೂ ನೆರವಾಗುತ್ತದೆ.

ಬೊಂಬೆಯ ಬಳಿಗೆ ಕತ್ತು ಬಾಗಿಸದೆ ಬೊಂಬೆಯನ್ನೇ ಕಣ್ಣಿನೆತ್ತರಕ್ಕೆ ತರಬೇಕು. ಅದನ್ನೊಂದು ಹಳೆಯ ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಹಿಡಿದು, ಎರಡೂ ಮೊಳಕೈಗಳನ್ನು ಮೇಜಿಗೆ ಊರಿದರೆ ಕೈ ನಡುಗದು, ಹೆಗಲೂ ಸೋಲದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಬಂದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ನರ ಒತ್ತಿರುವ ಸಂಭವವಿದೆ. ಮಧುಮೇಹ, ಥೈರಾಯ್ಡ್ ತೊಂದರೆಯವರಲ್ಲಿ ಇದು ಹೆಚ್ಚು. ಅಂಥವರು ಕೆಲವು ದಿನ ಕುಂಚವನ್ನು ಕೆಳಗಿಟ್ಟು ವೈದ್ಯರಿಗೆ ಕೈ ತೋರಿಸಬೇಕು. ಮರಳಿ ಹಿಡಿಯುವಾಗ ಕುಂಚದ ಕಡ್ಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಂಡರೆ ಬೆರಳು ಬಿಗಿಹಿಡಿಯುವ ಶ್ರಮ ತಗ್ಗುತ್ತದೆ.