ಪಂದ್ಯದ ಕೊನೆಗೆ ಒಂದು ಸೀಸೆ ಹಾಲು

ಜಾತ್ರೆಯೆಂದ ಮೇಲೆ ತೇರು ಎಷ್ಟು ಮುಖ್ಯವೋ ತೇರುಬೀದಿಯ ತಿಂಡಿತಿನಿಸೂ ಅಷ್ಟೇ ಮುಖ್ಯ. ಬೆಂಡುಬತ್ತಾಸಿಲ್ಲದ ಜಾತ್ರೆ, ಪಾನಕ ಕೋಸಂಬರಿಗಳಿಲ್ಲದ ರಾಮನವಮಿ ನಮ್ಮ ಜನಕ್ಕೆ ರುಚಿಸದು. ಯಂತ್ರಗಳ ನಾಡೆನಿಸಿದ ಅಮೆರಿಕದಲ್ಲಿಯೂ ಇದೇ ಮನುಷ್ಯಸ್ವಭಾವವನ್ನು ಕಾಣಬಹುದು. ಅಲ್ಲಿನ ಇಂಡಿಯಾನಾಪೊಲಿಸ್ ನಗರದಲ್ಲಿ ವರ್ಷಕ್ಕೊಮ್ಮೆ ಜರಗುವ ಐನೂರು ಮೈಲಿಗಳ ಮೋಟಾರು ಪಂದ್ಯ ಅಂಥದೊಂದು ಜಾತ್ರೆ. ಅಲ್ಲಿಯ ತೇರು ಗಂಟೆಗೆ 200 ಮೈಲಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಅಲ್ಲಿಯ ಪ್ರಸಾದ ಒಂದು ಸೀಸೆ ಹಾಲು.

ಈ ಪಂದ್ಯ ಮೊದಲು ನಡೆದುದು 1911ರಲ್ಲಿ. ಎರಡೂವರೆ ಮೈಲಿಯ ಪಥವನ್ನು 200 ಬಾರಿ ಸುತ್ತಿದರೆ ಐನೂರು ಮೈಲಿ ತುಂಬುತ್ತದೆ. 1909ರಲ್ಲಿ ಈ ಪಥಕ್ಕೆ ಸುಮಾರು 32 ಲಕ್ಷ ಇಟ್ಟಿಗೆಗಳನ್ನು ಹಾಸಿದ್ದರು. ಈಗ ಗೆಲುವಿನ ಗೆರೆಯ ಬಳಿ ಒಂದು ಗಜದಗಲ ಮಾತ್ರ ಇಟ್ಟಿಗೆ ಕಾಣುವಂತೆ ಉಳಿದಿದೆ. ಗೆದ್ದವನು ಮಂಡಿಯೂರಿ ಆ ಇಟ್ಟಿಗೆಗಳಿಗೆ ಮುತ್ತಿಡುವುದು ಈಚಿನ ರೂಢಿ. ಇದೇ ಅಂಗಳದ ಇನ್ನೊಂದು ಪಂದ್ಯದಲ್ಲಿ 1996ರಲ್ಲಿ ಡೇಲ್ ಜ್ಯಾರೆಟ್ ಎಂಬ ಸಾರಥಿ ಇದಕ್ಕೆ ಮೊದಲಿಟ್ಟನು.

ಯುದ್ಧದಲ್ಲಿ ಮಡಿದ ಯೋಧರ ಸ್ಮರಣೆಗೆಂದು ಮೇ ತಿಂಗಳ ಕೊನೆಯ ಸೋಮವಾರ ಅಲ್ಲಿ ರಜೆ. ಅದರ ಹಿಂದಿನ ಭಾನುವಾರ ಪಂದ್ಯ. ಎರಡು ಲಕ್ಷಕ್ಕೂ ಮಿಕ್ಕ ಆಸನಗಳುಳ್ಳ ಆ ಅಂಗಳಕ್ಕೆ ಪ್ರೇಕ್ಷಕರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬರಬಹುದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಿಂಡಿಪಾನೀಯಗಳನ್ನು ತುಂಬಿ, ಅಜ್ಜ ಕುಳಿತ ಸಾಲಿನಲ್ಲೇ ಮೊಮ್ಮಗನೂ ಕುಳಿತು ನೋಡುವ ಸಂಸಾರಗಳುಂಟು. ಬುತ್ತಿ ತಾರದವರಿಗೆ ಅಂಗಡಿಗಳಿವೆ. ಹಂದಿಯ ಮಾಂಸವನ್ನು ಬಡಿದು ತೆಳ್ಳಗೆ ಮಾಡಿ, ರೊಟ್ಟಿಯ ಪುಡಿಯಲ್ಲಿ ಹೊರಳಿಸಿ ಕರಿದು, ಬನ್ನಿನ ನಡುವೆ ಇಟ್ಟು ಕೊಡುವುದು ಇಂಡಿಯಾನಾ ಸೀಮೆಯ ಹೆಸರಾದ ತಿನಿಸು. ಕರಿದ ಬಿಲ್ಲೆ ಬನ್ನನ್ನು ಮೀರಿ ಸುತ್ತಲೂ ಹೊರಚಾಚಿರಬೇಕು; ಇಲ್ಲವಾದರೆ ಅದಕ್ಕೆ ಮರ್ಯಾದೆಯಿಲ್ಲ.

ಬಾನುಲಿಯ ಬಂಧುಗಳಿಗೆ ಹಿತವಾಗುವ ಸಂಗತಿಯೊಂದಿದೆ. 1952ರಲ್ಲಿ ಈ ಅಂಗಳವು ತನ್ನದೇ ಆದ ರೇಡಿಯೋ ಪ್ರಸಾರಜಾಲವನ್ನು ಆರಂಭಿಸಿತು. ಟೆಲಿವಿಷನ್ ಬಂದ ಮೇಲೂ, ಜನ ಅಂಗಳಕ್ಕೇ ಬರಲಿ ಎಂದು, ಆ ನಗರದಲ್ಲಿ ಮಾತ್ರ ಪಂದ್ಯವನ್ನು ನಡೆಯುವಾಗಲೇ ತೋರಿಸದಿರುವ ಕಟ್ಟಳೆ ಬಹುಕಾಲ ಇದ್ದಿತು. ಟಿಕೇಟುಗಳೆಲ್ಲ ಮುಗಿದ 2016ರ ನೂರನೆಯ ಪಂದ್ಯಕ್ಕೆ ಅದನ್ನು ಸಡಿಲಿಸಿದರು. ಆದುದರಿಂದ ಊರಿನವರು ಹಿತ್ತಿಲಲ್ಲಿ ಕೆಂಡದ ಒಲೆ ಹೂಡಿ, ಮಾಂಸ ಸುಡುತ್ತ, ರೇಡಿಯೋ ಕೇಳುತ್ತ ಪಂದ್ಯವನ್ನು ಮನಸ್ಸಿನಲ್ಲೇ ಕಾಣುವುದು ಒಂದು ಹಬ್ಬದ ವಿಧಿಯೇ ಆಯಿತು.

ಇನ್ನು ಹಾಲಿನ ಕಥೆ. 1933ರಲ್ಲಿ ಗೆದ್ದ ಲೂಯಿ ಮೇಯರ್ ದಣಿವಾರಿಸಿಕೊಳ್ಳಲು ಮಜ್ಜಿಗೆ ಕೇಳಿದನು. ಬಿಸಿಲಿಗೆ ಮಜ್ಜಿಗೆ ಕುಡಿಯುವುದು ತಾಯಿ ಕಲಿಸಿದ ಅಭ್ಯಾಸವಂತೆ. ಬೆಣ್ಣೆ ತೆಗೆದು ಉಳಿದುದಕ್ಕೆ ಇಂಗ್ಲಿಷಿನಲ್ಲಿ ‘ಬೆಣ್ಣೆಹಾಲು’ ಎಂಬರ್ಥದ ಹೆಸರಿರುವುದು ಒಂದು ವಿನೋದ. 1936ರಲ್ಲಿ ಮೂರನೆಯ ಬಾರಿ ಗೆದ್ದಾಗಲೂ ಅವನು ಮಜ್ಜಿಗೆಯನ್ನೇ ಕುಡಿದನು. ಆ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂದು, ಹಾಲಿನ ಉದ್ಯಮದ ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದಿತು. ಇದಕ್ಕಿಂತ ಒಳ್ಳೆಯ ಜಾಹೀರಾತು ಉಂಟೇ? ಮುಂದಿನ ವಿಜಯಿಗಳಿಗೆ ಹಾಲು ಕೊಡುವ ಏರ್ಪಾಡಾಯಿತು. ಹಾಲು ಮಜ್ಜಿಗೆಯಾಗುವುದು ಲೋಕರೂಢಿ. ಇಲ್ಲಿ ಮಜ್ಜಿಗೆ ಹಾಲಾಯಿತು! 1947ರಿಂದ 1955ರವರೆಗೆ ನಿಂತಿದ್ದ ಈ ಪದ್ಧತಿ 1956ರಲ್ಲಿ ಮರಳಿ ಬಂದು ಬೇರೂರಿತು. ಈಗ ಪ್ರತಿಯೊಬ್ಬ ಸ್ಪರ್ಧಿಯೂ ಕೆನೆಹಾಲೋ, ಕೆನೆ ತೆಗೆದ ಹಾಲೋ ಎಂಬುದನ್ನು ಮುಂಗಡವಾಗಿ ತಿಳಿಸುತ್ತಾನೆ. ಆ ಸೀಮೆಯ ಹೈನುಗಾರರೇ ಸೀಸೆಯನ್ನು ತಂದೊಪ್ಪಿಸುತ್ತಾರೆ.

ಇದೆಲ್ಲ ಬರಿಯ ವ್ಯಾಪಾರವಲ್ಲವೇ ಎಂದು ಕೇಳುವವರುಂಟು. 1993ರಲ್ಲಿ ನಡೆದುದು ಅದಕ್ಕೆ ಉತ್ತರ ಕೊಡುತ್ತದೆ. ಆ ವರ್ಷ ಗೆದ್ದ ಬ್ರೆಜಿಲಿನ ಎಮರ್ಸನ್ ಫಿಟ್ಟಿಪಾಲ್ಡಿಗೆ ತನ್ನ ದೇಶದಲ್ಲಿ ಕಿತ್ತಳೆಯ ತೋಟಗಳಿದ್ದವು. ಅವನು ಹಾಲನ್ನು ಬದಿಗಿಟ್ಟು ಕಿತ್ತಳೆಯ ರಸ ಕುಡಿದನು. ಆಮೇಲೆ ಹಾಲನ್ನೂ ಗುಟುಕರಿಸಿದನಾದರೂ ಜನದ ಮನಸ್ಸು ತಿಳಿಯಾಗಲಿಲ್ಲ. 15 ವರ್ಷಗಳ ಅನಂತರ, 2008ರಲ್ಲಿ, ಪಂದ್ಯದ ಮುಂದಾಳು ಕಾರನ್ನು ನಡೆಸಲು ಬಂದಾಗಲೂ ಅವನಿಗೆ ಧಿಕ್ಕಾರದ ಕೂಗು ಕೇಳಿಬಂದಿತು.

ಹಣ ಕೊಟ್ಟು ಒಬ್ಬ ಸಾರಥಿಗೆ ಹಾಲು ಕುಡಿಸಬಹುದು. ಆದರೆ ಹಾಲು ಕುಡಿಯಲಿಲ್ಲವೆಂದು ನೊಂದುಕೊಳ್ಳುವಂತೆ ಜನಸಾಗರಕ್ಕೆ ಹಣ ಕೊಟ್ಟವರು ಯಾರೂ ಇಲ್ಲ. ಒಬ್ಬನ ಬಾಯಾರಿಕೆಯಿಂದ ಹುಟ್ಟಿದುದನ್ನು ವ್ಯಾಪಾರ ಬೆಳೆಸಿತು, ಜನ ತಮ್ಮದನ್ನಾಗಿ ಮಾಡಿಕೊಂಡರು. ಆಚಾರವೊಂದು ಹಾಗೆ ಜನರ ಪಾಲಾದ ಮೇಲೆ, ಗೆದ್ದವನಿಗೂ ಅದನ್ನು ಬದಲಿಸುವ ಅಧಿಕಾರ ಉಳಿಯುವುದಿಲ್ಲ.