ಕಾರಿನ ಕೀಯೊಳಗಿನ ಪುಟ್ಟ ಬ್ಯಾಟರಿ

ಮಕ್ಕಳನ್ನು ಶಾಲೆಯಿಂದ ಕರೆತರಲು ಹೊರಟಿದ್ದೀರಿ. ರಿಮೋಟ್ ಕೀಯ ಗುಂಡಿ ಒತ್ತಿದರೂ ಕಾರಿನ ಬಾಗಿಲು ತೆರೆಯುತ್ತಿಲ್ಲ. ಪತಿ ಗಲ್ಫಿನಲ್ಲಿದ್ದಾರೆ. ಗಾಬರಿಯಾಗುವುದು ಸಹಜ. ಆದರೆ ಸಹೋದರಿಯರೇ, ಹೆಚ್ಚಾಗಿ ಇದಕ್ಕೆ ಕಾರಣ ಕೀಯೊಳಗೆ ನಾಣ್ಯದಂತಿರುವ ಒಂದು ಬ್ಯಾಟರಿ. ಅದನ್ನು ನೀವೇ ಬದಲಿಸಬಹುದು.

ಮೊದಲು ಆ ಹೊತ್ತಿನ ದಾರಿ. ಅನೇಕ ರಿಮೋಟ್‌ಗಳ ಒಳಗೆ ಒಂದು ಲೋಹದ ಕೀ ಅಡಗಿರುತ್ತದೆ. ಅದನ್ನು ಎಳೆದು ಚಾಲಕರ ಬಾಗಿಲು ತೆರೆಯಿರಿ. ಗುಂಡಿ ಒತ್ತಿ ಚಾಲೂ ಮಾಡುವ ಅನೇಕ ಕಾರುಗಳಲ್ಲಿ ರಿಮೋಟನ್ನು ಆ ಗುಂಡಿಗೆ ತಾಗಿಸಿ ಹಿಡಿದರೆ ಇಂಜಿನ್ ಚಾಲೂ ಆಗುತ್ತದೆ.

ಇನ್ನು ಬದಲಿಸುವ ಕೆಲಸ. ಕಾರಿನ ಪುಸ್ತಕದಲ್ಲಿ ಬ್ಯಾಟರಿಯ ಸಂಖ್ಯೆ ನೋಡಿಕೊಳ್ಳಿ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಸಿಆರ್ 2025 ಅಷ್ಟೇ ಅಗಲವಿದ್ದರೂ ತೆಳುವಾದುದು. ಒಂದರ ಬದಲು ಇನ್ನೊಂದನ್ನು ಹಾಕಬೇಡಿ. ರಿಮೋಟಿನ ಅಂಚಿನಲ್ಲಿರುವ ಸೀಳಿಗೆ ನಾಣ್ಯವನ್ನೋ ಬಟ್ಟೆ ಸುತ್ತಿದ ಸ್ಕ್ರೂಡ್ರೈವರನ್ನೋ ಇಟ್ಟು ಮೆಲ್ಲನೆ ತಿರುಗಿಸಿದರೆ ಮುಚ್ಚಳ ಬಿಡಿಸಿಕೊಳ್ಳುತ್ತದೆ. ಪ್ಲಸ್ ಗುರುತು ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಹೊಸ ಬ್ಯಾಟರಿಯನ್ನು ಅಂಚಿನಲ್ಲಿ ಹಿಡಿದು ಹಾಗೆಯೇ ಕೂರಿಸಿ, ಮುಚ್ಚಳವನ್ನು ಬಿಗಿಯಾಗಿ ಒತ್ತಿ. ಗುಂಡಿ ಒತ್ತಿ ಪರೀಕ್ಷಿಸಿ. ಐದು ನಿಮಿಷದ ಕೆಲಸ ಇದು.

ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಮೇಜಿನ ಮೇಲೆ ಉಳಿದ ಹಳೆಯ ಬ್ಯಾಟರಿ ಎಲ್ಲಿ ಹೋಯಿತು? ಕಾರಿಗೆ ಅದು ಸತ್ತಿರಬಹುದು, ಮಗುವಿನ ಪಾಲಿಗೆ ಸತ್ತಿಲ್ಲ. ಹೊಳೆಯುವ ಆ ಬಿಲ್ಲೆಯನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದಿಂದ ವಿದ್ಯುತ್ ಹರಿದು ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು, ಪ್ರಾಣಕ್ಕೂ ಅಪಾಯ. ಕೆಲವು ಮಕ್ಕಳಲ್ಲಿ ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ಕಾಣಿಸಿದರೆ ಇನ್ನು ಕೆಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ.

ನುಂಗಿದೆಯೆಂಬ ಸಂಶಯ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಿರಿ. ವಾಂತಿ ಮಾಡಿಸಬೇಡಿ, ಆಹಾರ ಕೊಡಬೇಡಿ. ನುಂಗಿ 12 ಗಂಟೆ ದಾಟಿರದಿದ್ದರೆ, ಒಂದು ವರ್ಷ ತುಂಬಿದ, ನುಂಗಲು ಶಕ್ತವಾದ ಮಗುವಿಗೆ ದಾರಿಯುದ್ದಕ್ಕೂ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಬಾರಿಗಿಂತ ಹೆಚ್ಚು ಬೇಡ. ಜೇನು ಗಾಯದ ತೀವ್ರತೆಯನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಅದು ಚಿಕಿತ್ಸೆಯಲ್ಲ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಆದ್ದರಿಂದ ಮಕ್ಕಳು ಮಲಗಿರುವಾಗ ಬ್ಯಾಟರಿ ಬದಲಿಸಿ. ಹಳೆಯದರ ಎರಡೂ ಬದಿಗೆ ಟೇಪ್ ಅಂಟಿಸಿ, ಎತ್ತರದ ಕಪಾಟಿನಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸಬಾರದೆಂದು ನಮ್ಮ ದೇಶದ 2022ರ ನಿಯಮವೂ ಹೇಳುತ್ತದೆ. ಮುಚ್ಚಳ ಸಡಿಲವಾದ ರಿಮೋಟನ್ನು ಮಗುವಿನ ಕೈಗೆ ಆಟಕ್ಕೆ ಕೊಡಲೇಬೇಡಿ.

ಪ್ರವಾದಿ(ಸ)ರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ದಾರಿಯಲ್ಲಿರುವ ಹಾನಿಕರ ವಸ್ತುವನ್ನು ಸರಿಸುವುದೂ ಈಮಾನಿನ ಭಾಗವೆಂದು ಕಲಿಸಿದರು. ನಮ್ಮ ಕಂದಮ್ಮಗಳು ಅಂಬೆಗಾಲಿಡುವ ನೆಲವೂ ಒಂದು ದಾರಿಯೇ ಅಲ್ಲವೇ? ಇಂದೇ ಒಮ್ಮೆ ಮನೆಯ ಮೇಜಿನ ಡ್ರಾಯರ್ ತೆರೆದು ನೋಡಿ.