ಹಳಿಯ ಮೇಲಿನ ತಂತಿ, ಊರಿನ ಕರೆಂಟು

ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಹರಿದು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಪಡುವಣಕ್ಕೆ ಪಾಂಡವಪುರ–ಶ್ರೀರಂಗಪಟ್ಟಣದ ರೈಲುಹಾದಿ. ಜೋಡಿ ಹಳಿಗೆ ಜಾಗ ಬೇಕೆಂದು 2017ರಲ್ಲಿ ಟಿಪ್ಪುವಿನ ಮದ್ದಿನಮನೆಯನ್ನೇ ಇಡಿಯಾಗಿ ನೆಲದಿಂದ ಎತ್ತಿ ಸರಿಸಿದ ಸುದ್ದಿ ನಾಡಿಗೆಲ್ಲ ತಿಳಿಯಿತು. ಮರುವರ್ಷದ ಫೆಬ್ರುವರಿಯಲ್ಲಿ ಬೆಂಗಳೂರು–ಮೈಸೂರು ವಿದ್ಯುತ್ ಮಾರ್ಗದ ಉದ್ಘಾಟನೆಯಾಯಿತು. ಗದ್ದೆಯ ಪಂಪ್‌ಸೆಟ್ಟು, ಆಲೆಮನೆಯ ಗಾಣ ತಿರುಗಿಸುವ ಜಾಲಕ್ಕೇ ರೈಲೂ ಬಂದು ಸೇರಿತ್ತು. ಅದು ಮಾತ್ರ ಸುದ್ದಿಯಾಗಲಿಲ್ಲ.

ರೈಲಿಗೆ ಊರಿನ ಕರೆಂಟು ಕೊಡುವುದು ಮೊದಲಿನಿಂದಲೂ ಇದ್ದ ಪದ್ಧತಿಯಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್‌ನ ರೈಲುಗಳು ಸೆಕೆಂಡಿಗೆ ಹದಿನಾರೂ ಮೂರನೇ ಎರಡು (16⅔) ಸಲ ಮಾತ್ರ ಏರಿಳಿಯುವ ತಮ್ಮದೇ ಕರೆಂಟಿನಲ್ಲಿ ಓಡುತ್ತಿದ್ದವು. ಸಾರ್ವಜನಿಕ ಜಾಲದ 50 ಹರ್ಟ್ಜ್ ಕರೆಂಟಿನಲ್ಲೇ ಎಂಜಿನ್ ಓಡಿಸುವ ಪ್ರಯೋಗವನ್ನು ಜರ್ಮನರು 1936ರಲ್ಲಿ ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ಕಣಿವೆಯೊಂದರಲ್ಲಿ ಮಾಡಿದರು. ಯುದ್ಧದ ನಂತರ ಅದನ್ನು ಪರೀಕ್ಷಿಸಿ, 25 ಸಾವಿರ ವೋಲ್ಟಿನ ಪೂರ್ಣ ಪದ್ಧತಿಯಾಗಿ ಬೆಳೆಸಿದವರು ಫ್ರೆಂಚರು. ಭಾರತೀಯ ರೈಲ್ವೆ 1957ರಲ್ಲಿ ಅದನ್ನೇ ಒಪ್ಪಿಕೊಂಡಿತು. ಬಡ ದೇಶಕ್ಕೆ ಅದು ಸರಿಯಾದ ಆಯ್ಕೆಯೇ. ರೈಲಿಗೆಂದು ಬೇರೆ ಪವರ್‌ಹೌಸ್ ಬೇಡ, ತಂತಿ ತೆಳು, ಸಬ್‌ಸ್ಟೇಷನ್ನುಗಳೂ ಕಡಿಮೆ.

ಆದರೆ ಹಳೆಯ ಎಂಜಿನ್‌ಗಳ ಮೋಟಾರುಗಳಿಗೆ ಬೇಕಿದ್ದದ್ದು ಡಿಸಿ ಕರೆಂಟು. ಏರಿಳಿಯುವ ಅಲೆಯನ್ನು ಒಂದೇ ದಿಕ್ಕಿಗೆ ತಿರುಗಿಸಲು ಎಂಜಿನ್ನಿನೊಳಗೆ ಡಯೋಡುಗಳನ್ನು ಕೂರಿಸಿದರು. ತೊಂದರೆ ಹುಟ್ಟಿದ್ದು ಇಲ್ಲೇ. ವೋಲ್ಟೇಜು ನುಣ್ಣಗೆ ಏರಿಳಿದರೂ ಎಂಜಿನ್ ಎಳೆದುಕೊಳ್ಳುವ ಕರೆಂಟಿನ ಅಲೆ ನೆತ್ತಿ ಸವೆದು ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಲೆಯನ್ನು ಬಿಡಿಸಿ ನೋಡಿದರೆ 50 ಹರ್ಟ್ಜ್ ಜತೆಗೆ 150, 250, 350 ಹರ್ಟ್ಜ್‌ನ ಸಣ್ಣ ಅಲೆಗಳು ಸಿಗುತ್ತವೆ. ಇವೇ ಹಾರ್ಮೋನಿಕ್‌ಗಳು. ಇವು ಸಬ್‌ಸ್ಟೇಷನ್ ದಾಟಿ ಜಾಲಕ್ಕೆ ಹರಿದಾಗ, ದಾರಿಯುದ್ದದ ತಡೆಯಿಂದಾಗಿ ಅಲ್ಲಿನ ವೋಲ್ಟೇಜನ್ನೂ ಸೊಟ್ಟಗೆ ಮಾಡುತ್ತವೆ. ಟ್ರಾನ್ಸ್‌ಫಾರ್ಮರು, ಮೋಟಾರು ವೃಥಾ ಬಿಸಿಯಾಗುತ್ತವೆ. ಪವರ್ ಫ್ಯಾಕ್ಟರ್ ಸುಧಾರಿಸಲೆಂದು ಹಾಕಿದ ಕೆಪಾಸಿಟರಿಗೆ ಕಾಟ ಇನ್ನೂ ಹೆಚ್ಚು. ಜಾಲದೊಂದಿಗೆ ಅದರ ಅನುರಣನ ಯಾವುದೋ ಒಂದು ಹಾರ್ಮೋನಿಕ್‌ಗೆ ಹೊಂದಿಬಿಟ್ಟರೆ ಆ ಅಲೆ ಹಲವು ಪಟ್ಟು ಉಬ್ಬಿ, ಕೆಪಾಸಿಟರನ್ನೇ ಸುಡಬಲ್ಲದು.

ಸಾಲದ್ದಕ್ಕೆ, ರೈತರು ಕಾಯುವ ತ್ರೀಫೇಸ್‌ನಲ್ಲಿ ಸಾಮಾನ್ಯವಾಗಿ ಎರಡೇ ಫೇಸುಗಳನ್ನು ರೈಲ್ವೆ ಸಬ್‌ಸ್ಟೇಷನ್ ಬಳಸುತ್ತದೆ. ಭಾರ ಒಂದೇ ಕಡೆ ವಾಲದಿರಲೆಂದು ಮುಂದಿನ ಸಬ್‌ಸ್ಟೇಷನ್ ಬೇರೆ ಜೋಡಿ ಹಿಡಿಯುತ್ತದೆ. ಎರಡರ ಗಡಿಯಲ್ಲಿ ತಂತಿಯ ಒಂದು ತುಂಡಿಗೆ ಕರೆಂಟೇ ಇರುವುದಿಲ್ಲ. ಅಲ್ಲಿ ‘ಡಿಜೆ ಓಪನ್’ ಫಲಕ ಕಂಡೊಡನೆ ಲೋಕೊ ಪೈಲಟ್ ಬ್ರೇಕರ್ ತೆಗೆದು, ಓಟದ ರಭಸದಲ್ಲೇ ದಾಟಿ, ಮತ್ತೆ ಹಾಕುತ್ತಾರೆ. ಹಾಕಿದ ಕ್ಷಣ ಎಂಜಿನ್ನಿನ ಟ್ರಾನ್ಸ್‌ಫಾರ್ಮರು ಒಮ್ಮೆಲೇ ಎಳೆಯುವ ಕರೆಂಟಿನಲ್ಲಿ ಎರಡನೆಯ ಹಾರ್ಮೋನಿಕ್ ತುಂಬಿರುತ್ತದೆ.

ಸಬ್‌ಸ್ಟೇಷನ್ನಿನಲ್ಲಿ ಫಿಲ್ಟರ್ ಕಟ್ಟುವುದು ಒಂದು ದಾರಿ. ಆದರೆ ದೊಡ್ಡ ಪರಿಹಾರ ಬಂದದ್ದು ಎಂಜಿನ್ನಿನೊಳಗಿಂದಲೇ. ಎಬಿಬಿ ಕಂಪನಿಯ ತಂತ್ರಜ್ಞಾನದೊಂದಿಗೆ 1990ರ ದಶಕದಲ್ಲಿ ಬಂದ, ತ್ರೀಫೇಸ್ ಮೋಟಾರುಗಳ ಎಂಜಿನ್‌ಗಳಲ್ಲಿ ಡಯೋಡಿನ ಜಾಗಕ್ಕೆ ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುವ ಅರೆವಾಹಕ ಸ್ವಿಚ್ಚುಗಳು ಬಂದವು. ಕರೆಂಟಿನ ಅಲೆ ಬಹುಮಟ್ಟಿಗೆ ನುಣುಪಾಯಿತು. ಬ್ರೇಕ್ ಹಾಕಿದಾಗ ವಿದ್ಯುತ್ತು ತಂತಿಗೇ ಮರಳತೊಡಗಿತು. 2022ರ ನವೆಂಬರಿನಿಂದ ಇಲ್ಲಿ ಓಡುವ ಮೈಸೂರು–ಚೆನ್ನೈ ವಂದೇ ಭಾರತ್ ಕೂಡ ಇದೇ ಜಾತಿಯದು. ನಮ್ಮ ಹಾದಿಗೆ ತಂತಿ ತಡವಾಗಿ ಬಂದದ್ದು ಈ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೂ ಸ್ವಿಚ್ಚುಗಳ ವೇಗ ತನ್ನದೇ ಆದ ಮೇಲಿನ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2007ರ ನಿಯಮ, ಜಾಲಕ್ಕೆ ಸೇರುವ ಜಾಗದಲ್ಲಿ ವೋಲ್ಟೇಜಿನ ಒಟ್ಟು ವಿರೂಪ ಶೇ 5ನ್ನು, ಯಾವುದೇ ಒಂದು ಹಾರ್ಮೋನಿಕ್ ಶೇ 3ನ್ನು ಮೀರಬಾರದೆಂದಿತ್ತು. ಈ ವಿರೂಪವನ್ನು ಅಳೆದ ಅಂಕಿಗಳು ರೈಲ್ವೆ ಮತ್ತು ವಿದ್ಯುತ್ ಕಂಪನಿಗಳ ಕಡತದಲ್ಲೇ ಉಳಿಯದೆ, ಅದೇ ಜಾಲದಿಂದ ಪಂಪ್‌ಸೆಟ್ಟು ಓಡಿಸುವ ಪಾಂಡವಪುರ, ಶ್ರೀರಂಗಪಟ್ಟಣದ ರೈತರಿಗೂ ಸಿಗಬೇಕು.